ಹರಿಹರದ ಬಸ್ಸಿನಲ್ಲಿ ಸಾನವ್ವನ ಊಟ

ನಾನು ದಾವಣಗೆರೆಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವನು. ನೀರೆತ್ತದ ಪಂಪಿನ ಸದ್ದು ಕೇಳಿದರೆ ಸಾಕು, ಅದಕ್ಕೆ ಏರ್ ಹಿಡಿದಿದೆಯೋ, ವಾಷರ್ ಹೋಗಿದೆಯೋ, ವೈಂಡಿಂಗ್ ಸುಟ್ಟಿದೆಯೋ ಎಂದು ಕೂತಲ್ಲಿಂದಲೇ ಹೇಳಬಲ್ಲೆ. ಇಂಥ ನನಗೆ, ಹೆಬ್ಬೆಟ್ಟಿನಷ್ಟಗಲದ ಒಂದು ಬಾಯಿಯೊಳಗೆ ನಾಲ್ಕು ಚಮಚ ರಾಗಿ ಸರಿ ಇಳಿಸುವುದು ಒಂದು ಕೆಲಸವೇ? ಅಲ್ಲವೇ ಅಲ್ಲ ಎಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು, ಹೆಂಡತಿಗೆ ಮಾತನ್ನೂ ಕೊಟ್ಟೆ!

ನಮ್ಮ ಮಗಳ ಹೆಸರು ಸಾನ್ವಿ. ಆ ಹೆಸರು ನಮ್ಮ ಅವ್ವನ ನಾಲಿಗೆಗೆ ಒಗ್ಗಲಿಲ್ಲ. ಅವಳು ಸಾನವ್ವ ಎಂದು ಕರೆಯತೊಡಗಿದಳು. ಈಗ ನಿಟ್ಟುವಳ್ಳಿಯ ನಮ್ಮ ಓಣಿಗೆಲ್ಲ ಅವಳು ಸಾನವ್ವನೇ. ತಾಯಿಯ ಹಾಲು ಸಾಲದೆ ಹುಟ್ಟಿದ ಸ್ವಲ್ಪ ದಿನಕ್ಕೇ ಡಬ್ಬದ ಹಾಲು ಶುರುವಾಗಿತ್ತು. ವರ್ಷ ತುಂಬುತ್ತ ಬಂದರೂ ಬಾಟಲಿಯಲ್ಲಿ ಬರುವುದನ್ನು ಬಿಟ್ಟು ಬೇರೆ ಯಾವುದನ್ನೂ ಅವಳು ಆಹಾರವೆಂದು ಒಪ್ಪಲಿಲ್ಲ. ಪಿ.ಜೆ. ಬಡಾವಣೆಯ ಡಾಕ್ಟರಮ್ಮ ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿದೆ, ಬರೀ ಪುಡಿ ಹಾಲಿನಲ್ಲಿ ಇನ್ನು ನಡೆಯುವುದಿಲ್ಲ, ಹೊಟ್ಟೆಗೆ ಊಟ ಹೋಗಲೇಬೇಕು, ಮುಂದಿನ ತಿಂಗಳು ಕರೆದುಕೊಂಡು ಬನ್ನಿ ಎಂದರು. ಮನೆಗೆ ಬರುವವರೆಗೂ ನನ್ನ ಹೆಂಡತಿ ಶೈಲಾ ಸ್ಕೂಟರಿನ ಹಿಂದೆ ಕೂತು ಮಗಳ ಕಣ್ಣಿನ ರೆಪ್ಪೆ ಎಳೆದೆಳೆದು ನೋಡುತ್ತಿದ್ದಳು.

ಅವಳ ಚಿಂತೆಗೆ ಇನ್ನೊಂದು ಕಾರಣವಿತ್ತು. ಶೈಲಾ ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮು. ಹಲವು ವರ್ಷ ಅಲ್ಲಿ ಇಲ್ಲಿ ಪಾಠ ಮಾಡಿ ಕೊನೆಗೆ ಸಿಕ್ಕಿದ್ದ ಗಟ್ಟಿ ಕೆಲಸ. ಬಾಣಂತನದ ರಜೆ, ಆಮೇಲೆ ಬೇಡಿ ಪಡೆದ ರಜೆ, ಎಲ್ಲ ಮುಗಿದು, ಸೋಮವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು.

"ಕೂಸು ಉಣ್ಣಲಿಲ್ಲ ಅಂದ್ರೆ ನಾನು ಹೋಗಲ್ರಿ. ಕೆಲ್ಸ ಹೋದ್ರೆ ಹೋಗ್ಲಿ" ಎಂದಳು ಶೈಲಾ.

ಹೋಗ್ಲಿ ಅಂದಳು, ಆದರೆ ಬೆಳಿಗ್ಗೆಯಷ್ಟೇ ಅವಳು ಶಾಲೆಗೆ ಉಡುವ ಸೀರೆಗಳಿಗೆ ಇಸ್ತ್ರಿ ಮಾಡಿಸಿ ತರಿಸಿದ್ದನ್ನು ನಾನು ನೋಡಿದ್ದೆ. ನನಗೆ ನಿಜಕ್ಕೂ ಸಂಕಟವಾಯಿತು. ಅದೇ ಸಂಕಟದಲ್ಲಿ, "ನೀನು ಹೋಗು. ಊಟದ್ದು ನನಗೆ ಬಿಡು" ಅಂದುಬಿಟ್ಟೆ. ಗಂಡಸರ ಬಾಯಿಂದ ಇಂಥ ಮಾತು ಯಾಕೆ ಅಷ್ಟು ಸಲೀಸಾಗಿ ಬರುತ್ತದೋ ನನಗೆ ಇಂದಿಗೂ ತಿಳಿದಿಲ್ಲ.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಕೂಸಿನ ವಿಷಯದಲ್ಲಿ ಶಿಸ್ತಿಗೆ ಕೊರತೆಯಿರಲಿಲ್ಲ. ಹಲ್ಲು ಬಾರದ ಕೂಸಿನ ಎದುರು ದೊಡ್ಡವರು ಉಣ್ಣಬಾರದು, ಅದರ ಆಸೆಗಣ್ಣು ಬಿದ್ದರೆ ಉಂಡವರ ಹೊಟ್ಟೆ ನೋಯುತ್ತದೆ ಎಂಬುದು ಅವ್ವನ ನಂಬಿಕೆ. ನಾನು ಮೊದಲು ನಕ್ಕಿದ್ದೆ. ಆದರೆ ಒಂದು ಸಂಜೆ ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಮಂಡಕ್ಕಿ ಜೊತೆ ಒಂದು ತಟ್ಟೆ ಮಿರ್ಚಿ ಬಜ್ಜಿ ಖಾಲಿ ಮಾಡಿದೆ. ಅವತ್ತು ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ಕಂಡ ಮೇಲೆ ಅವ್ವನ ಮಾತಿನಲ್ಲಿ ಭಾರೀ ಸತ್ಯವಿದೆ ಎನ್ನಿಸಿತು. ಮಿರ್ಚಿಯ ಮೇಲೆ ಅನುಮಾನ ಬರಲಿಲ್ಲ, ನೋಡಿ! ಅವತ್ತಿನಿಂದ ಮನೆಯಲ್ಲಿ ನನ್ನದೇ ಕಾಯಿದೆ. ಯಾರೇ ಉಂಡರೂ ಅಡಿಗೆಮನೆಯ ಬಾಗಿಲು ಹಾಕಿಕೊಂಡೇ ಉಣ್ಣಬೇಕು, ಒಬ್ಬರು ಉಣ್ಣುವಾಗ ಇನ್ನೊಬ್ಬರು ಕೂಸನ್ನು ಪಡಸಾಲೆಯಲ್ಲಿ ಆಡಿಸುತ್ತಿರಬೇಕು. ಶೈಲಾ ಗೊಣಗಿದಳು. ಅವ್ವನ ಮುಖ ನೋಡಿ ತಾನೂ ಬಾಗಿಲು ಹಾಕಿಕೊಂಡು ಉಣ್ಣತೊಡಗಿದಳು.

ಸೋಮವಾರ ಶೈಲಾ ಶಾಲೆಗೆ ಹೋದಳು. ಅವ್ವ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ ಇಟ್ಟಿದ್ದ ಹಿಟ್ಟಿನಿಂದ ಘಮಘಮ ಸರಿ ಕಾಸಿಕೊಟ್ಟಳು. ನಾನು ಚಮಚ ಹಿಡಿದು ಕೂತೆ. ಸಾನವ್ವ ಚಮಚ ನೋಡಿದಳು, ನನ್ನನ್ನು ನೋಡಿದಳು, ಬಾಯಿ ಮುಚ್ಚಿದಳು. ಕಾಗೆ ತೋರಿಸಿದೆ, ನಾಯಿ ತೋರಿಸಿದೆ, ನಾನೇ ಒಮ್ಮೆ ನಾಯಿಯಾದೆ. ಅವಳು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆ ಸಂದು ನೋಡಿ ಚಮಚ ತೂರಿಸಿದೆ. ತೂರಿಸಿದ್ದೆಲ್ಲ ಅದಕ್ಕಿಂತ ಹೆಚ್ಚು ವೇಗದಲ್ಲಿ ನನ್ನ ಮುಖಕ್ಕೆ ವಾಪಸ್ಸು ಬಂತು.

ಮುಖ ತೊಳೆದುಕೊಂಡು ಅಂಗಡಿಗೆ ಹೋದೆ. ಫುಟ್‌ವಾಲ್ವು ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬರು ನನ್ನನ್ನೇ ದಿಟ್ಟಿಸಿ ನೋಡಿ, "ಕಿವ್ಯಾಗೆ ಏನ್ರೀ, ಗ್ರೀಸಾ?" ಎಂದು ಕೇಳಿದರು. ಹೌದೆಂದೆ. ಅದೇ ಮರ್ಯಾದೆಯ ಉತ್ತರವಾಗಿತ್ತು.

ಸಂಜೆ ಶೈಲಾ ಬಸ್ಸಿಳಿದು ಬಂದವಳೇ ಚಪ್ಪಲಿ ಬಿಡುವ ಮೊದಲೇ, ಉಂಡಳೇ ಎಂದು ಕೇಳಿದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಬಂದಿತ್ತು. ಅದನ್ನು ಆರಿಸಲು ನನಗೆ ಧೈರ್ಯ ಬರಲಿಲ್ಲ. ಖಾಲಿ ಬಟ್ಟಲು ತೋರಿಸಿದೆ. ಬಟ್ಟಲು ಹೇಗೆ ಖಾಲಿಯಾಯಿತು ಎಂದು ಕೇಳುತ್ತೀರಾ? ಅಡಿಗೆಮನೆಯ ಬಾಗಿಲು ಹಾಕಿಕೊಂಡು ನಾನೇ ತಿಂದಿದ್ದೆ! ಅವ್ವನಿಗೆ ಈ ಸುಳ್ಳು ಗೊತ್ತಿತ್ತು. ಸೊಸೆ ನೆಮ್ಮದಿಯಾಗಿರಲಿ ಎಂದು ಅವಳೂ ಬಾಯಿ ಬಿಡಲಿಲ್ಲ. ಆ ವಾರವೆಲ್ಲ ಕೂಸಿನ ತೂಕ ಇದ್ದಷ್ಟೇ ಇತ್ತು, ನನ್ನ ಪ್ಯಾಂಟು ಮಾತ್ರ ಬಿಗಿಯಾಯಿತು.

ಆಗ ನನ್ನೊಳಗಿನ ಮೆಕ್ಯಾನಿಕ್ ಎದ್ದ. ಇವಳು ಬಾಟಲಿಯನ್ನು ನಂಬುತ್ತಾಳೆ, ಸರಿಯನ್ನು ನಂಬುವುದಿಲ್ಲ. ಹಾಗಾದರೆ ಸರಿಯನ್ನೇ ಬಾಟಲಿಯಲ್ಲಿ ತುಂಬಿದರೆ? ಸೂಜಿ ಕಾಸಿ ನಿಪ್ಪಲ್ಲಿನ ತೂತು ಹಿಗ್ಗಿಸಿ, ಸರಿ ತೆಳ್ಳಗೆ ಮಾಡಿ ತುಂಬಿ ಕೈಗೆ ಕೊಟ್ಟೆ. ಸಾನವ್ವ ಪೂರ್ತಿ ವಿಶ್ವಾಸದಿಂದ ಒಂದು ಗುಟುಕು ಎಳೆದಳು. ಎಳೆದವಳು ಅಲ್ಲಿಗೇ ನಿಲ್ಲಿಸಿದಳು. ಬಾಟಲಿಯನ್ನು ತಿರುಗಿಸಿ ನೋಡಿದಳು. ಹುಟ್ಟಿದಾಗಿನಿಂದ ಮೋಸ ಮಾಡದಿದ್ದ ಒಂದೇ ವಸ್ತುವೂ ಇವತ್ತು ಕೈಕೊಟ್ಟಿತು ಎಂಬಂತೆ ಅದನ್ನು ಗೋಡೆಗೆ ಎಸೆದಳು. ಆಮೇಲೆ ಅದರಲ್ಲಿ ಮಾಮೂಲಿ ಹಾಲು ತುಂಬಿಕೊಟ್ಟರೂ ಮುಟ್ಟಲಿಲ್ಲ. ಮಧ್ಯಾಹ್ನವೆಲ್ಲ ಉಪವಾಸ ಅತ್ತಳು. ಕೊನೆಗೆ ಓಡಿಹೋಗಿ ಹೊಸ ಬಾಟಲಿ ತಂದೆ. ಈಗ ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಅವತ್ತು ನಾನು ಬಹಳ ಹೆದರಿದ್ದೆ.

"ನಿನ್ನ ರಿಪೇರಿ ಸಾಕು. ಹರಿಹರೇಶ್ವರಗೆ ಹರಕೆ ಹೊತ್ತೀನಿ, ನಡಿ" ಎಂದಳು ಅವ್ವ.

ಮರುದಿನ ಅಂಗಡಿಗೆ ಬೀಗ ಹಾಕಿ ಅವ್ವ, ನಾನು, ಸಾನವ್ವ ಮೂವರೂ ಹರಿಹರದ ಬಸ್ಸು ಹತ್ತಿದೆವು. ಅವ್ವ ರೂಢಿಯಂತೆ ಒಂದು ಡಬ್ಬಿ ಸರಿ ತಂದಿದ್ದಳು. ನಮ್ಮ ಎದುರು ನಂದಿಗುಡಿಗೆ ಹೊರಟಿದ್ದ ಒಬ್ಬ ಹೆಂಗಸು ಕಾಗದದ ಪೊಟ್ಟಣ ಬಿಚ್ಚಿ ಈರುಳ್ಳಿ ಹಾಕಿದ ಮಂಡಕ್ಕಿ ಮುಕ್ಕುತ್ತಿದ್ದಳು. ದೊಡ್ಡಬಾತಿಯ ಹತ್ತಿರ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಆಗ ನೋಡುತ್ತೇನೆ, ನನ್ನ ಮಗಳು ತಾನಾಗಿಯೇ ಬಾಯಿ ತೆರೆದಿದ್ದಾಳೆ! ಅವ್ವ ಡಬ್ಬಿ ತೆಗೆದು ಒಂದು ಚಮಚ ಇಟ್ಟಳು. ನುಂಗಿದಳು. ಇನ್ನೊಂದು. ಅದನ್ನೂ ನುಂಗಿದಳು. ಹರಿಹರ ಬರುವಷ್ಟರಲ್ಲಿ ಡಬ್ಬಿಯ ತಳ ಕಂಡಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ದೇವರು ಗುಡಿಯ ತನಕವೂ ಕಾಯಲಿಲ್ಲ, ಬಸ್ಸಿಗೇ ಬಂದ ಎಂದಳು.

ನಾನು ವಿಚಾರವಂತ. ದೇವರಿಗೆ ಕೈ ಮುಗಿದೆ, ಆದರೆ ಕಾರಣ ಬೇರೆ ಎಂದು ನನಗೆ ಹೊಳೆದಿತ್ತು. ಪಂಪಿಗೆ ಏರ್ ಹಿಡಿದರೆ ಪೈಪು ಅಲ್ಲಾಡಿಸುವುದಿಲ್ಲವೇ? ಇದೂ ಹಾಗೆಯೇ. ಬಸ್ಸಿನ ಕುಲುಕಾಟಕ್ಕೆ ಗಂಟಲು ಸಡಿಲಗೊಂಡಿದೆ! ಮನೆಗೆ ಬಂದವನೇ ಪ್ರಯೋಗಕ್ಕಿಳಿದೆ. ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಚಾಲೂ ಮಾಡಿ, ಕೂಸನ್ನು ಹಿಡಿದು ಕೂತೆ. ಬಾಯಿ ಮುಚ್ಚಿತ್ತು. ಹಿಟ್ಟು ರುಬ್ಬುವ ಗ್ರೈಂಡರು ತಿರುಗಿಸಿ ಅದರ ಪಕ್ಕ ಕೂರಿಸಿದೆ. ಬಾಯಿ ಮುಚ್ಚಿತ್ತು. ಕೊನೆಗೆ ನಾನೇ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ಕೆಳಗೆ ಕುಲುಕಾಡುತ್ತ, ಬಾಯಲ್ಲಿ ಪೋಂ ಪೋಂ ಎಂದು ಹಾರ್ನು ಹೊಡೆಯುತ್ತ, ರೈಟ್ ರೈಟ್ ಎಂದು ಕೂಗುತ್ತಿದ್ದಾಗ ಪಕ್ಕದ ಮನೆಯವರು ಬಂದು ಕಿಟಕಿಯಲ್ಲಿ ಇಣುಕಿ, ಏನೂ ಕೇಳದೆ ಹೊರಟುಹೋದರು.

ಉಳಿದದ್ದು ಒಂದೇ ದಾರಿ. ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಮಗಳನ್ನು ಎತ್ತಿಕೊಂಡು ಬಸ್ಸು ಹತ್ತುವುದು, ಹರಿಹರದ ತನಕ ಅರ್ಧ ಡಬ್ಬಿ, ಬರುವಾಗ ಇನ್ನರ್ಧ. ಶೈಲಾ ಶಾಲೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬರುವ ಮೊದಲೇ ನಾವು ದಾವಣಗೆರೆ ಸೇರಿರಬೇಕು. ಅವಳಿಗೆ ಹೇಳಬಹುದಿತ್ತು. ಆದರೆ ಮನೆಯಲ್ಲೇ ಉಣ್ಣುತ್ತಾಳೆ ಎಂದು ಆಗಲೇ ಇಷ್ಟು ದಿನ ಹೇಳಿದ್ದೆನಲ್ಲ, ಅದನ್ನು ತಿದ್ದಲು ನಾಲಿಗೆ ಏಳಲಿಲ್ಲ.

ಸ್ವಲ್ಪ ದಿನದಲ್ಲೇ ಸಾನವ್ವ ಆ ರೂಟಿನಲ್ಲಿ ಹೆಸರುವಾಸಿಯಾದಳು. ನಾವು ಹತ್ತಿದ ಕೂಡಲೇ ಕಂಡಕ್ಟರು, "ಜರಾ ಸರ್ಕೊಳ್ರಿ, ಸಾನವ್ವ ಉಣ್ಣಾದೈತೆ" ಎಂದು ಜಾಗ ಮಾಡಿಸುತ್ತಿದ್ದ. ಒಬ್ಬರು ಬಾಳೆಹಣ್ಣು ಸುಲಿದು ತಾವೊಂದು ತುಂಡು ತಿಂದು ಇವಳಿಗೊಂದು ಚಿವುಟು ಕೊಡುವರು. ಇನ್ನೊಬ್ಬರು ಬನ್ನು ಚಹಾದಲ್ಲಿ ಅದ್ದಲೇ ಎಂದು ಕೇಳಿ ನನ್ನಿಂದ ಬೈಸಿಕೊಳ್ಳುವರು. ಸಂತೆಗೆ ಹೊರಟವರು, ಕೋರ್ಟಿಗೆ ಹೊರಟವರು, ಎಲ್ಲರೂ ಏನಾದರೂ ಮೆಲ್ಲುತ್ತ ಇವಳ ಬಾಯನ್ನೇ ನೋಡುತ್ತಿದ್ದರು. ಇದರ ತಾಯಿ ಎಲ್ಲಿ ಎಂದು ಯಾರಾದರೂ ಕೇಳದ ದಿನವಿರಲಿಲ್ಲ. ಶಾಲೆಗೆ ಹೋಗಿದ್ದಾಳೆ ಎಂದರೆ, ಪಾಪ ಎನ್ನುತ್ತಿದ್ದರು. ಆ ಪಾಪ ಕೂಸಿಗೋ ನನಗೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಶ್ರಾವಣ ಬಂತು. ಮೊದಲ ಸೋಮವಾರ ಬಸ್ಸು ತುಂಬ ಗುಡಿಗೆ ಹೊರಟವರು. ಹಣೆತುಂಬ ವಿಭೂತಿ, ಕೈಯಲ್ಲಿ ಹೂವು ಪತ್ರೆ, ಎಲ್ಲರದೂ ಸಂಜೆಯ ತನಕ ಉಪವಾಸ. ಅವತ್ತು ಸಾನವ್ವ ಒಂದು ಚಮಚವನ್ನೂ ಮುಟ್ಟಲಿಲ್ಲ. ಜಾಣನಾಗಿದ್ದರೆ ಅಲ್ಲೇ ಹೊಳೆಯಬೇಕಿತ್ತು. ನಾನು ಬಸ್ಸಿನ ಸೀಟು ಒತ್ತಿ ನೋಡಿದೆ, ಕಿಟಕಿ ಅಲ್ಲಾಡಿಸಿ ನೋಡಿದೆ. ಹೊಸ ಬಸ್ಸು. ಗುಂಡಿಗೆ ಇಳಿದರೂ ಗೊತ್ತಾಗದಷ್ಟು ಮೆತ್ತಗೆ ಹೋಗುತ್ತಿತ್ತು. ತಪ್ಪು ಸಿಕ್ಕಿತು ಎಂದುಕೊಂಡೆ! ಇಳಿಯುವಾಗ ಕಂಡಕ್ಟರಿಗೆ, ನಿಮ್ಮಲ್ಲಿರುವ ಅತಿ ಹಳೆಯ ಬಸ್ಸು ಯಾವಾಗ ಬರುತ್ತದೆ ಹೇಳಿ, ನಾಳೆಯಿಂದ ಅದನ್ನೇ ಹತ್ತುತ್ತೇನೆ ಎಂದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಅವನನ್ನು ಹಾಗೆ ಕೇಳಿದವರು ಯಾರೂ ಇರಲಿಕ್ಕಿಲ್ಲ. ಅವನು ನನ್ನನ್ನು ಒಮ್ಮೆ ನೋಡಿ, ಒಂದು ಬಸ್ಸಿನ ಹೊತ್ತು ಹೇಳಿದ.

ಮರುದಿನ ಹತ್ತಿದ ಆ ಬಸ್ಸು ನನ್ನ ಮನಸ್ಸಿಗೆ ಒಪ್ಪುವಂತಿತ್ತು. ಬಾಗಿಲಿನ ಒಂದು ಪಟ್ಟಿ ಹಗ್ಗದಲ್ಲಿ ಕಟ್ಟಿತ್ತು, ಬ್ರೇಕು ಹಾಕಿದರೆ ಎಲ್ಲರೂ ಒಂದೊಂದು ಸೀಟು ಮುಂದೆ ಹೋಗುತ್ತಿದ್ದರು. ಮಗಳು ಚೆನ್ನಾಗಿ ಉಂಡಳು. ವಾಪಸ್ಸು ಬರಲು ಹರಿಹರದ ಸ್ಟ್ಯಾಂಡಿನಲ್ಲಿ ಅದೇ ಬಸ್ಸಿನಲ್ಲಿ ಕೂತಿದ್ದೆ. ನಮ್ಮ ಎದುರು ಒಬ್ಬ ಅಜ್ಜ ಮಂಡಕ್ಕಿ ಬಿಚ್ಚಿದ್ದ. ನಾನು ಚಮಚ ಎತ್ತಿದ್ದೆ. ಅಜ್ಜ ಮಾಮೂಲಿನಂತೆ, "ಇದರ ತಾಯಿ ಇದಕ್ಕೆ ಮನ್ಯಾಗೆ ಉಣಸಲ್ಲೇನಪ್ಪ?" ಎಂದು ಕೇಳಿದ. ನಾನು ಉತ್ತರಿಸಲು ತಲೆಯೆತ್ತಿದರೆ, ಅಜ್ಜನ ಹಿಂದೆ ಕಂಬಿ ಹಿಡಿದು ಶೈಲಾ ನಿಂತಿದ್ದಳು. ಅವತ್ತು ಶಾಲೆಗೆ ಅರ್ಧ ದಿನವಂತೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕೈ ಚಾಚಿದಳು, ನಾನು ಮಗಳನ್ನು ಕೊಟ್ಟೆ. ಪಕ್ಕದಲ್ಲಿ ಕೂತಳು. ಬಸ್ಸು ಹೊರಟು ಊರು ದಾಟಿದ ಮೇಲೆ ಮೆಲ್ಲಗೆ, "ನಿಮ್ಮ ಮಾತು ನಂಬಿ ನಾನು ಕೆಲ್ಸಕ್ಕೆ ಹೋದೆ. ಕೂಸು ಬಸ್ನಾಗೆ ನಾಕು ಮಂದಿ ಮುಂದೆ ಉಣ್ತೈತೆ ಅಂತ ನನಗೆ ಗೊತ್ತಿರಲಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಎಲ್ಲವನ್ನೂ ಹೇಳಿದೆ. ಬಟ್ಟಲು ಖಾಲಿ ಮಾಡಿದ್ದು, ಸ್ಕೂಟರು, ಗ್ರೈಂಡರು, ಕುಲುಕಾಟದ ಸಿದ್ಧಾಂತ, ಹಳೆಯ ಬಸ್ಸು. ಹೇಳುತ್ತ ಹೇಳುತ್ತ ನನಗೇ ಅದು ಸಿದ್ಧಾಂತದಂತೆ ಕೇಳಿಸಲಿಲ್ಲ. ಇನ್ನು ತಾನು ಶಾಲೆಗೆ ಹೋಗುವುದಿಲ್ಲ, ನಾಳೆಯೇ ರಾಜೀನಾಮೆ ಬರೆದುಕೊಡುತ್ತೇನೆ ಎಂದು ಅವಳು ಹೇಳಿದಳು.

ಅಜ್ಜ ಇದೊಂದೂ ಗೊತ್ತಿಲ್ಲದೆ ಮಂಡಕ್ಕಿ ಜಗಿಯುತ್ತಿದ್ದ. ಶೈಲಾ ಮಗಳ ಮುಖವನ್ನೇ ನೋಡುತ್ತಿದ್ದಳು. ಅಜ್ಜನ ದವಡೆ ಆಡಿದರೆ ಮಗಳ ದವಡೆಯೂ ಆಡುತ್ತಿತ್ತು. ಅಜ್ಜ ಕಿಟಕಿಯ ಕಡೆ ತಿರುಗಿ ಜಗಿಯುವುದನ್ನು ನಿಲ್ಲಿಸಿದಾಗ ಶೈಲಾ ಒಂದು ಚಮಚ ಎತ್ತಿದಳು. ಬಾಯಿ ತೆರೆಯಲಿಲ್ಲ. ಅಜ್ಜ ಮತ್ತೆ ಮುಕ್ಕಿದ. ತೆರೆಯಿತು. ಆ ಹೊತ್ತಿಗೆ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತು, ಇಂಜಿನ್ನೂ ಆಫಾಗಿ, ಎಲ್ಲೂ ಒಂದು ಕುಲುಕಾಟವೂ ಇರಲಿಲ್ಲ.

ಶೈಲಾ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಮನ್ಯಾಗೆ ಈಕಿ ಯಾರು ಉಣ್ಣಾದು ನೋಡ್ಯಾಳೆ, ಹೇಳ್ರಿ."

ಯೋಚಿಸಿದೆ. ಅಡಿಗೆಮನೆಯ ಬಾಗಿಲು ಕಣ್ಣ ಮುಂದೆ ಬಂತು. ಅವ್ವ ಉಣ್ಣುವುದನ್ನು ಇವಳು ಕಂಡಿಲ್ಲ, ತಾಯಿ ಉಣ್ಣುವುದನ್ನು ಕಂಡಿಲ್ಲ, ನನ್ನದಂತೂ ಕೇಳಲೇ ಬೇಡಿ. ನಮ್ಮ ಮನೆಯಲ್ಲಿ ಮನುಷ್ಯರು ಊಟ ಮಾಡುತ್ತಾರೆ ಎಂಬ ಸಂಗತಿಯನ್ನೇ ಆ ಕೂಸಿನಿಂದ ಮುಚ್ಚಿಟ್ಟು, ಅದರ ಬಾಯಿಗೆ ಮಾತ್ರ ಚಮಚ ಹಿಡಿದು ಬೆನ್ನು ಹತ್ತಿದ್ದೆ. ಯಾರೂ ಮುಟ್ಟದ ಆ ಕಂದು ಬಣ್ಣದ ಅಂಟನ್ನು ತಾನೊಬ್ಬಳೇ ಯಾಕೆ ನುಂಗಬೇಕೆಂದು ಅವಳಿಗೆ ಅನ್ನಿಸಿದ್ದರೆ, ನ್ಯಾಯವಾಗಿಯೇ ಅನ್ನಿಸಿದೆ.

ಅವತ್ತು ಪಡಸಾಲೆಯ ನಡುವೆ ತಟ್ಟೆಗಳು ಬಂದವು. ರೊಟ್ಟಿ, ಬೇಳೆ, ಮೆತ್ತಗೆ ಕಿವುಚಿದ ಅನ್ನ. ಅವ್ವ ಕೂತವಳು ಕೈ ಮುಂದೆ ಮಾಡಲಿಲ್ಲ.

"ಹೊಟ್ಟೆ ನೋವು ಬಂದ್ರೆ ಏನ್ ಮಾಡ್ತೀಯೇ?" ಎಂದು ಸೊಸೆಯನ್ನು ಕೇಳಿದಳು.

"ಬರ್ಲಿ ಬಿಡ್ರಿ ಅತ್ತೆ. ನಮಗೆ ತಾನೆ ಬರಾದು" ಎಂದಳು ಶೈಲಾ.

ಅವ್ವ ಒಂದು ಕ್ಷಣ ಸೊಸೆಯ ಮುಖ ನೋಡಿ ರೊಟ್ಟಿ ಮುರಿದಳು. ನಾನೂ ಮುರಿದೆ. ಸಾನವ್ವ ಅಂಬೆಗಾಲಿನಲ್ಲಿ ಬಂದು ನಮ್ಮ ನಡುವೆ ಕೂತಳು. ನಾನು ತುತ್ತು ಬಾಯಿಗಿಟ್ಟಾಗ ಅವಳು ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಗೋಡೆಯ ಕ್ಯಾಲೆಂಡರು ಕೆಳಗಿಳಿದು ಬಂದು ಊಟಕ್ಕೆ ಕೂತಿದ್ದರೂ ಅವಳಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಆಮೇಲೆ ತಾಯಿಯ ತಟ್ಟೆಗೆ ಕೈ ಹಾಕಿ ಅನ್ನ ಹಿಡಿದಳು. ಅರ್ಧ ನೆಲಕ್ಕೆ, ಕಾಲು ಮೂಗಿಗೆ, ಉಳಿದದ್ದು ಬಾಯಿಗೆ ಹೋಯಿತು. ಶೈಲಾ ತಲೆ ತಗ್ಗಿಸಿ ಉಣ್ಣುತ್ತಲೇ ಅತ್ತಳು. ಯಾರ ಹೊಟ್ಟೆಯೂ ನೋಯಲಿಲ್ಲ.

ಶೈಲಾ ಶಾಲೆಗೆ ಏನನ್ನೂ ಬರೆದುಕೊಡಲಿಲ್ಲ. ಡಬ್ಬದ ಹಾಲು ಮೊದಲು ಮಲಗುವಾಗ ಮಾತ್ರ ಎಂದಾಯಿತು, ಆಮೇಲೆ ಅದೂ ಬೇಡವಾಯಿತು. ಡಾಕ್ಟರಮ್ಮ ಮತ್ತೆ ರೆಪ್ಪೆ ಎಳೆದು ನೋಡಿ, ಪರವಾಗಿಲ್ಲ, ಬಣ್ಣ ಬಂದಿದೆ, ಏನು ಮಾಡಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶೈಲಾ, ಏನಿಲ್ಲ ಡಾಕ್ಟ್ರೇ, ನಾವು ಊಟ ಮಾಡಿದೆವು ಎಂದಳು.

ನನ್ನ ಸ್ಥಿತಿ ಮಾತ್ರ ಬದಲಾಗಿದೆ. ಸಾನವ್ವ ಈಗ ಎಲ್ಲವನ್ನೂ ತಿನ್ನುತ್ತಾಳೆ, ಆದರೆ ನನ್ನನ್ನು ಬಿಟ್ಟು ತಿನ್ನುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ ತನ್ನ ಬಟ್ಟಲಿನ ಅನ್ನವನ್ನು ಚೆನ್ನಾಗಿ ಹಿಚುಕಿ, ತಾನೊಮ್ಮೆ ಚೀಪಿ ನೋಡಿ, ನನ್ನ ತೊಡೆ ಹತ್ತಿ ನಿಂತು ನನ್ನ ಬಾಯಿಗೆ ಒತ್ತುತ್ತಾಳೆ. ಮುಖ ತಿರುಗಿಸಿದರೆ ಗದ್ದ ಹಿಡಿದು ತಿರುಗಿಸಿಕೊಂಡು, ನುಂಗುವ ತನಕ ನೋಡುತ್ತಾಳೆ. ಇಷ್ಟು ದಿನ ಅಪ್ಪ ಏನೂ ತಿನ್ನದೆ ಹೇಗೋ ಬದುಕಿದ್ದ, ಇನ್ನು ಬಿಡಬಾರದು ಎಂದು ಅವಳು ತೀರ್ಮಾನಿಸಿದಂತಿದೆ. ನಿನ್ನೆ ಸಂಜೆ ಶೈಲಾ ಬಂದವಳು ಬಾಗಿಲಲ್ಲೇ, ಕೂಸು ಸರಿಯಾಗಿ ಉಂಡಿತೇ ಎಂದು ವಿಚಾರಿಸಿದಳು.

ಅವ್ವ ನನ್ನ ಕಡೆ ನೋಡಿ, "ಕೂಸು ಆಗ್ಲೇ ಉಂಡೈತೆ. ಇವ್ನಿಗೆ ಉಣಸಾದ್ರಾಗೆ ಅದಕ್ಕೆ ಸಾಕಾಗಿ ಹೋಗೈತೆ" ಎಂದಳು.